ಆರಂಕಣದ ಕ್ಯಾಸೆಟ್ಟು

ಕೊಟ್ಟೂರಿನ ನಮ್ಮ ಮನೆಯಲ್ಲಿ ಜಗಳಕ್ಕೆ ಸದ್ದಿರಲಿಲ್ಲ. ಉಳಿದ ಎಲ್ಲದಕ್ಕೂ ಇತ್ತು. ಕಂಬದಿಂದ ಕಂಬಕ್ಕೆ ಒಂದೊಂದು ಅಂಕಣದಂತೆ ಆರಂಕಣದ ಉದ್ದನೆ ಮನೆ. ಬೀದಿಗೆ ಎರಡಂಕಣದ ಪಡಸಾಲೆ, ಅದರ ಹಿಂದೆ ನಡುಮನೆ, ಆಮೇಲೆ ದೇವರ ಕೋಣೆ, ಅಜ್ಜಿ ಮಲಗುವ ಬೆಳಕಿಲ್ಲದ ಕೋಣೆ, ಕೊನೆಗೆ ಅಡುಗೆ ಮನೆ. ಅಡುಗೆ ಮನೆಯ ಬಾಗಿಲು ದಾಟಿದರೆ ಹಿತ್ತಲು, ಹಿತ್ತಲ ತುಂಬ ಅಪ್ಪನ ಮಂಡಕ್ಕಿ ಭಟ್ಟಿ. ಕಾದ ಮರಳಿಗೆ ಅಕ್ಕಿ ಬಿದ್ದರೆ ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ ಕೇಳುತ್ತಿತ್ತು. ಆ ಸದ್ದಿನೊಳಗೇ ನಾವು ಏಳುತ್ತಿದ್ದೆವು, ಓದುತ್ತಿದ್ದೆವು, ಉಣ್ಣುತ್ತಿದ್ದೆವು. ಹೊರಗಿನಿಂದ ಬಂದವರು ನಮ್ಮ ಮನೆಯಲ್ಲಿ ಎಲ್ಲರೂ ಯಾಕಿಷ್ಟು ಜೋರಾಗಿ ಮಾತಾಡುತ್ತಾರೆ ಅಂತ ಕೇಳುತ್ತಿದ್ದರು. ಅಪ್ಪ ಒಬ್ಬ ಮಾತ್ರ ಮೆತ್ತಗೆ ಮಾತಾಡುತ್ತಿದ್ದ. ಅವನು ಬಾಯಿ ತೆರೆದರೆ ಉಳಿದವರು ಸುಮ್ಮನಾಗಬೇಕಿತ್ತು, ಇಲ್ಲದಿದ್ದರೆ ಕೇಳಿಸುತ್ತಲೇ ಇರಲಿಲ್ಲ.

ಅಪ್ಪನ ಹೆಸರು ಚನ್ನಬಸಪ್ಪ. ಓಣಿಯಲ್ಲಿ ಯಾರ ಮನೆಯಲ್ಲಿ ಗಂಡ ಹೆಂಡಿರು ಜಗಳಾಡಿದರೂ ನಮ್ಮ ಪಡಸಾಲೆಗೆ ಬರುತ್ತಿದ್ದರು. ಅಪ್ಪ ಬೆಳಗಿನ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಕಂಬಕ್ಕೆ ಒರಗಿ ಕೂತು ಇಬ್ಬರ ಮಾತೂ ಕೇಳುತ್ತಿದ್ದ. ನಡುನಡುವೆ ಒಳಗೆ ತಿರುಗಿ ಚಹಾಕ್ಕೆ ಹೇಳುತ್ತಿದ್ದ. ಗಂಡಸಿನ ತಪ್ಪಿದ್ದರೆ ನಾಚಿಕೆಯಾಗುವ ಹಾಗೆ ಬಯ್ಯುತ್ತಿದ್ದ.

"ಹೆಣ್ಣುಮಕ್ಕಳ ಮ್ಯಾಲ ಕೈ ಮಾಡೋದು ಗಂಡಸ್ತನ ಅಲ್ಲಪಾ. ಹೋಗು, ಮನಿಗೆ ಕರ್ಕಂಡು ಹೋಗು."

ಬಾಗಿಲ ಮರೆಯಲ್ಲಿ ಚಹಾದ ತಟ್ಟೆ ಹಿಡಿದು ನಿಂತ ನನ್ನ ಅವ್ವ, ನೀಲಮ್ಮ, ಆ ಮಾತು ಕೇಳುತ್ತ ನೆಲ ನೋಡುತ್ತಿದ್ದಳು. ಯಾಕೆಂದು ನನಗೆ ಗೊತ್ತಿತ್ತು. ನನ್ನ ಅಣ್ಣ ಪ್ರಭುಗೂ ಗೊತ್ತಿತ್ತು. ಅಪ್ಪ ಅಡುಗೆ ಮನೆಯ ಬಾಗಿಲು ಒಳಗಿನಿಂದ ಮುಚ್ಚಿದ ಅಂದರೆ ಅಜ್ಜಿ ತನ್ನ ಕೋಣೆಯಲ್ಲಿ ಗಟ್ಟಿಯಾಗಿ ಶಿವನಾಮ ಹೇಳಲು ಶುರು ಮಾಡುತ್ತಿದ್ದಳು. ನಾನೂ ಅಣ್ಣನೂ ಓಣಿ ಸುತ್ತಿಕೊಂಡು ಹಿತ್ತಲಿಗೆ ಹೋಗಿ ಭಟ್ಟಿಯ ಹತ್ತಿರ ನಿಲ್ಲುತ್ತಿದ್ದೆವು, ಅಲ್ಲಿ ಏನೂ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯುತ್ತಿತ್ತು. ಊಟಕ್ಕೆ ಕರೆಯುತ್ತಿದ್ದರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಮೇಲೊಂದು ಚಮಚ ಶೇಂಗಾ ಚಟ್ನಿ. ಅವ್ವನ ಸೆರಗು ಕೆನ್ನೆಯ ತನಕ ಇಳಿದಿರುತ್ತಿತ್ತು. ನಾವು ಗೊತ್ತಿಲ್ಲದವರ ಹಾಗೆ ಉಣ್ಣುತ್ತಿದ್ದೆವು. ಅಪ್ಪ ಇನ್ನೊಂದು ರೊಟ್ಟಿ ಹಾಕಿಸಿಕೊಂಡು, ಅದೇ ಮೆತ್ತನೆ ದನಿಯಲ್ಲಿ, ಸಾಲೆಯಲ್ಲಿ ಏನು ಕಲಿಸಿದರು ಅಂತ ನನ್ನನ್ನು ಕೇಳುತ್ತಿದ್ದ.

ಪ್ರಭು ದಾವಣಗೆರೆಯಲ್ಲಿ ಕಾಲೇಜು ಸೇರಿದ್ದ. ಅಲ್ಲಿ ಮೂವರು ಗೆಳೆಯರ ಜೊತೆ ಒಂದು ರಾಕ್ ಬ್ಯಾಂಡ್ ಕಟ್ಟಿದ. ಅದಕ್ಕೆ 'ಗರಗಸ' ಅಂತ ಹೆಸರಿಟ್ಟರು. ರಜೆಗೆ ಗಿಟಾರು ಹೊತ್ತುಕೊಂಡು ಬಂದಾಗ ಅಪ್ಪ ಅದನ್ನು ಸುತ್ತಲೂ ತಿರುಗಿಸಿ ನೋಡಿ ಕೇಳಿದ:

"ಬಡಿಗ್ಯಾರ ಅಂಗಡಿಗೆ ಇಡೋ ಹೆಸರ ಹಾಡೋರಿಗೆ ಯಾಕ ಇಟ್ಟೀರಲೇ?"

ಅದು ನಾನು ಏಳನೇ ಇಯತ್ತೆಯಲ್ಲಿದ್ದ ವರ್ಷದ ದಸರಾ ರಜೆ. ಆ ಸಲ ಅಣ್ಣ ಗಿಟಾರಿನ ಜೊತೆ ಒಂದು ರೆಕಾರ್ಡರ್ ತಂದಿದ್ದ. ಸಣ್ಣ ಇಟ್ಟಿಗೆಯಷ್ಟು ದಪ್ಪ, ಮೈಯೆಲ್ಲ ಗುಂಡಿ. ಅದನ್ನು ಮನೆಯ ತುಂಬ ಹೊತ್ತು ತಿರುಗಿದ. ಮಂಡಕ್ಕಿ ಸಿಡಿಯುವುದು, ಜರಡಿ ಆಡುವುದು, ಅಪ್ಪನ ಪೂಜೆಯ ಗಂಟೆ, ಅಜ್ಜಿ ಎಲೆ ಅಡಿಕೆ ಕುಟ್ಟುವುದು, ಬಾವಿಯ ಗಡಗಡೆ, ಎಲ್ಲ ಹಿಡಿದ. ಸುಮಿ, ಹೇಳು ಅಂತ ನನ್ನಿಂದ ಮಗ್ಗಿ ಹೇಳಿಸಿದ. ಅಜ್ಜಿ ಅದರ ಮುಂದೆ ಕೂತು, ಇಟ್ಟಿಗಿ ಊರಿನಲ್ಲಿರುವ ತನ್ನ ತಂಗಿಗೆ ಇದರಲ್ಲಿ ಮಾತು ಮುಟ್ಟುತ್ತದೆಯೇ ಅಂತ ವಿಚಾರಿಸಿದಳು. ಮುಟ್ಟುವುದಿಲ್ಲ ಎಂದಾಗ ಇದೆಂಥಾ ಯಂತ್ರ ಎಂದು ಎದ್ದು ಹೋದಳು. ಅವ್ವ ರೊಟ್ಟಿ ಬಡಿಯುವ ಸದ್ದು ಬೇಕೆಂದು ಅಣ್ಣ ಒಂದು ಮಧ್ಯಾಹ್ನ ರೆಕಾರ್ಡರನ್ನು ಅಡುಗೆ ಮನೆಯ ಗೂಡಿನಲ್ಲಿಟ್ಟ. ತಾನಿದ್ದರೆ ಅವ್ವ ನಾಚುತ್ತಾಳೆ ಎಂದು ಅದನ್ನು ಚಾಲೂ ಮಾಡಿ ಬಜಾರಿಗೆ ಹೋದ. ನಾನು ಗೆಳತಿಯ ಮನೆಯಲ್ಲಿದ್ದೆ. ಸಂಜೆ ಅಣ್ಣ ಬಂದು ಅದನ್ನು ಚೀಲಕ್ಕೆ ಹಾಕಿಕೊಂಡ. ಅದರಲ್ಲಿ ಏನು ಸಿಕ್ಕಿದೆ ಎಂದು ಅವನಿಗೆ ತಿಳಿದದ್ದು ದಾವಣಗೆರೆಗೆ ಹೋದ ಮೇಲೆ.

ಸಂಕ್ರಾಂತಿ ಕಳೆದ ಮೇಲೆ ಅವನು ಕ್ಯಾಸೆಟ್ಟು ತಂದ. ಹೆಸರು 'ಆರಂಕಣ'. ಆರು ಹಾಡು, ಒಂದೊಂದು ಅಂಕಣಕ್ಕೆ ಒಂದೊಂದು. ನಮ್ಮ ಸೀಮೆಯ ಅಂಗಡಿಗಳಿಗೂ ಹಂಚಿ ಬಂದಿದ್ದ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಎಲ್ಲ ಕಡೆ ಕೆಲವು ಕೆಲವು. ಮೊದಲು ಅವ್ವನೊಬ್ಬಳಿಗೆ ಕೇಳಿಸಬೇಕು ಅಂತ ಅವನ ಮನಸ್ಸಿನಲ್ಲಿತ್ತು. ಆದರೆ ಕವರಿನ ಮೇಲೆ ನಮ್ಮ ಪಡಸಾಲೆಯ ಕಂಬ ನೋಡಿದ ಅಪ್ಪನಿಗೆ ಹಿಗ್ಗು ತಡೆಯಲಾಗಲಿಲ್ಲ. ಒಳಗೆ ತನ್ನ ಪೂಜೆಯ ಗಂಟೆಯೂ ಇದೆ ಎಂದು ತಿಳಿದ ಮೇಲಂತೂ ಅದು ಭಕ್ತಿಗೀತೆಯೇ ಇರಬೇಕು ಅಂದುಕೊಂಡ. ಸೋಮವಾರ ಸಂಜೆ ಓಣಿಯವರನ್ನು ಕರೆದ. ಎದುರು ಮನೆಯ ಶಿವಪ್ಪ ಮಾಸ್ತರರು ಬಂದರು, ಭಟ್ಟಿಗೆ ಅಕ್ಕಿ ಕೊಡುವವರು ಬಂದರು. ತಂಬ್ರಹಳ್ಳಿಯಿಂದ ಅಪ್ಪನ ತಂಗಿ ಗಂಗತ್ತೆ ಬಂದಿದ್ದಳು. ಅವ್ವ ಮಿರ್ಚಿ ಕರಿದಳು. ಪರಾತದಲ್ಲಿ ಒಗ್ಗರಣೆ ಮಂಡಕ್ಕಿ ಬಂತು. ಶಿವಪ್ಪ ಮಾಸ್ತರರ ಮನೆಯಿಂದ ದೊಡ್ಡ ಟೇಪ್ ರೆಕಾರ್ಡರ್ ತರಿಸಿ ಅಪ್ಪ ತಾನೇ ಕ್ಯಾಸೆಟ್ಟು ಹಾಕಿದ.

ಆ ಹಾಡುಗಳನ್ನು ನಾನು ಇವತ್ತಿಗೂ ಮರೆತಿಲ್ಲ. ರಾಕ್ ಅಂದರೆ ಕಿವಿ ಹರಿಯುವ ಗದ್ದಲ ಎಂದು ಅಂದುಕೊಂಡಿದ್ದವಳಿಗೆ ಅದು ತೀರ ಬೇರೆಯಾಗಿತ್ತು. ಮಂಡಕ್ಕಿ ಸಿಡಿಯುವ ಸದ್ದು ಮೊದಲು ಬಂತು, ಅದರ ಕೆಳಗಿನಿಂದ ಒಂದೇ ಗಿಟಾರು, ಅಂಜಿ ಅಂಜಿ ನಡೆದ ಹಾಗೆ. ಅಣ್ಣ ಪಿಸುಮಾತಿನಲ್ಲಿ ಹಾಡುತ್ತಿದ್ದ. ಡ್ರಮ್ಮಿನ ಜಾಗದಲ್ಲಿ ಅಜ್ಜಿಯ ಅಡಿಕೆ ಕುಟ್ಟುವ ಕಲ್ಲು. ಅಜ್ಜಿ ಕೂತಲ್ಲೇ "ಅಯ್ಯ, ನಂದ ಐತಿ!" ಅಂತ ಕೂಗಿದಳು. ಎಲ್ಲರೂ ನಕ್ಕರು. ಎರಡನೆಯದರಲ್ಲಿ ನನ್ನ ಮಗ್ಗಿ, ಮೂರನೆಯದರಲ್ಲಿ ಪೂಜೆಯ ಗಂಟೆ. ಅಪ್ಪ ಕಣ್ಣು ಮುಚ್ಚಿ ತಲೆದೂಗಿದ. ಆಗ ಅಣ್ಣ ಎದ್ದ. ಮುಖ ಬೆವರಿತ್ತು.

"ಅಪ್ಪಾ, ಸಾಕು. ಉಳಿದದ್ದು ಆಮ್ಯಾಲ ಕೇಳೋಣು."

"ಕುಂದ್ರಲೇ. ಈಗ ರಂಗೇರೇತಿ."

ನಾಲ್ಕನೆಯ ಹಾಡು ರೊಟ್ಟಿಯ ಸದ್ದಿನಿಂದ ಶುರುವಾಯಿತು. ತಪ್ ತಪ್ ತಪ್, ಬಳೆಗಳ ಸದ್ದು ಅದರ ಜೊತೆಗೆ. ಗಿಟಾರು ಇರಲಿಲ್ಲ. ಬಾಗಿಲ ಅಗಳಿ ಬಿದ್ದ ಸದ್ದು ಕೇಳಿತು. ನಮ್ಮ ಮನೆಯ ಎಲ್ಲರಿಗೂ ಗುರುತಿದ್ದ ಅಗಳಿ ಅದು. ಆಮೇಲೆ ಅವ್ವನ ದನಿ ಬಂತು.

"ಸುಮಿನ್ನ ಸಾಲಿ ಬಿಡಿಸಾಕ ನಾ ಒಪ್ಪಂಗಿಲ್ಲ."

ಅಪ್ಪನ ದನಿ, ಅದೇ ಮೆತ್ತನೆಯದು: "ಗಂಗಾಗ ಮಾತು ಕೊಟ್ಟಾಗೇತಿ. ಈ ವರ್ಷ ಸಾಲಿ ಮುಗೀಲಿ, ನಿಶ್ಚಯ ಮಾಡೋದು. ನಿನ್ನ ಯಾರು ಕೇಳ್ಯಾರ?"

"ಯಾರೂ ಕೇಳಿಲ್ಲ. ಅದಕ್ಕ ಹೇಳಾಕತ್ತೀನಿ. ಆ ಮನಿಗೆ ನನ್ನ ಮಗಳ್ನ ಕೊಡಂಗಿಲ್ಲ."

ಛಟೀರೆಂದು ಒಂದು ಏಟು. ತೀರ ಹತ್ತಿರದಿಂದ, ನಮ್ಮ ಕಿವಿಯ ಪಕ್ಕದಲ್ಲೇ ಬಿದ್ದ ಹಾಗೆ. ಆಮೇಲೆ ಏನೂ ಇಲ್ಲ. ಹಂಚಿನ ಮೇಲೆ ರೊಟ್ಟಿ ಸೀಯುವ ಚುರುಚುರು ಮಾತ್ರ. ಆಮೇಲೆ ಇನ್ನೊಂದು ಏಟು, ಮೊದಲನೆಯದಕ್ಕಿಂತ ಜೋರು. ಸ್ಟೀಲಿನ ಲೋಟವೊಂದು ಬಿದ್ದು ಉರುಳಿಕೊಂಡು ಹೋಯಿತು. ಅದು ನಿಂತ ಮೇಲೆ ಗಿಟಾರು ಬಂತು.

ಪಡಸಾಲೆಯಲ್ಲಿ ಶಿವಪ್ಪ ಮಾಸ್ತರರ ಕೈಯಲ್ಲಿ ಅರ್ಧ ಕಚ್ಚಿದ ಮಿರ್ಚಿ ಇತ್ತು. ಅದನ್ನು ಬಾಯಿಗೂ ಒಯ್ಯಲಿಲ್ಲ, ತಟ್ಟೆಗೂ ಇಡಲಿಲ್ಲ. ನಾನು ಕಂಬಕ್ಕೆ ಅಂಟಿಕೊಂಡಿದ್ದೆ. ಎರಡು ಹಾಡಿನ ಹಿಂದೆ ಮಗ್ಗಿ ಹೇಳಿ ಹೊಗಳಿಸಿಕೊಂಡಿದ್ದ ಹುಡುಗಿ ನಾನು. ಸಾಲೆ ಬಿಡಿಸಿ ನನ್ನನ್ನು ತಂಬ್ರಹಳ್ಳಿಗೆ, ಗಂಗತ್ತೆಯ ಮಗನಿಗೆ ಕೊಡುವುದೆಂದು ಮಾತಾಗಿದೆ ಅನ್ನುವುದು ಊರವರೆಲ್ಲರ ಜೊತೆ, ಅವರು ಕೇಳಿದ ಗಳಿಗೆಯಲ್ಲೇ, ನನಗೂ ಗೊತ್ತಾಗಿತ್ತು. ಗಂಗತ್ತೆ ನನ್ನ ಕಡೆ ನೋಡಲಿಲ್ಲ. ಅಜ್ಜಿಯೇ ಮೊದಲು ಬಾಯಿ ತೆರೆದಳು.

"ಆ ಪೆಟ್ಟಿಗಿ ಬಾಯಿ ಮುಚ್ರಿ ಯಾರಾರ!"

ಅಣ್ಣ ಟೇಪಿನ ಕಡೆ ಹೋದ. ಆಗ ನಡುಮನೆಯ ಬಾಗಿಲಿನಿಂದ ಅವ್ವ ಹೊರಗೆ ಬಂದಳು. ಇಷ್ಟು ಜನ ಗಂಡಸರ ನಡುವೆ ಅವಳು ಹಾಗೆ ಬಂದು ನಿಂತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಇರ್ಲಿ ಬಿಡೋ. ಹಾಕೀದಿ, ಪೂರ್ತಿ ಕೇಳ್ಲಿ."

ಪೂರ್ತಿ ಕೇಳಿದರು. ಎದ್ದು ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಉಳಿದ ಎರಡು ಹಾಡು ಮುಗಿದು ಕ್ಯಾಸೆಟ್ಟು ಟಕ್ಕೆಂದು ನಿಂತಾಗ ಅಪ್ಪ ಇನ್ನೂ ಕಂಬಕ್ಕೆ ಒರಗಿ ಕೂತೇ ಇದ್ದ. ಹಣೆಯ ವಿಭೂತಿ ಬೆವರಿಗೆ ಇಳಿದು ಹುಬ್ಬಿನ ಮೇಲೆ ಬಂದಿತ್ತು. ಒಬ್ಬೊಬ್ಬರಾಗಿ ಚಪ್ಪಲಿ ಹಾಕಿಕೊಂಡು ಹೋದರು. ಹೋಗುವಾಗ ಯಾರೂ ಅಪ್ಪನಿಗೆ ಬರುತ್ತೇನೆ ಎನ್ನಲಿಲ್ಲ.

ಅವ್ವ ಮಗನನ್ನು ತಬ್ಬಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವನೂ ಹಾಗೇ ಅಂದುಕೊಂಡಿದ್ದನೋ ಏನೋ, ಅವಳ ಹತ್ತಿರ ಹೋಗಿ ನಿಂತ.

"ಊರಿಗೆ ಗೊತ್ತಾಗ್ಲಿ ಅಂತ ಹಾಕೀನವ್ವಾ. ಇನ್ನ ನಿನ್ನ ಮ್ಯಾಲ ಕೈ ಎತ್ತಂಗಿಲ್ಲ."

"ನನ್ನ ಕೇಳಿದ್ಯಾ?"

"ಅವ್ವಾ..."

"ನನ್ನ ದನಿ, ನನ್ನ ಮೈ, ನನ್ನ ಅಡಗಿ ಮನಿ. ನನ್ನ ಒಂದ ಮಾತು ಕೇಳಿದ್ಯಾ? ನಿಮ್ಮಪ್ಪನೂ ಕೇಳಲಿಲ್ಲ, ನೀನೂ ಕೇಳಲಿಲ್ಲ."

ಅಣ್ಣ ಮರುದಿನ ಬೆಳಗಿನ ಬಸ್ಸಿಗೆ ಹೋದ. ಅಪ್ಪ ಒಂದು ವಾರ ಅಂಗಡಿಯಿಂದ ಅಂಗಡಿಗೆ ಬಸ್ಸಿನಲ್ಲಿ ತಿರುಗಿದ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಎಲ್ಲಿ 'ಆರಂಕಣ' ಕಂಡರೂ ಕೊಂಡು ಕೈಚೀಲಕ್ಕೆ ತುಂಬಿಕೊಂಡು ಬಂದ. ಒಂದು ಬೆಳಿಗ್ಗೆ ಅವನ್ನೆಲ್ಲ ತಾನೇ ಭಟ್ಟಿಗೆ ಹಾಕಿದ. ಕಪ್ಪು ಹೊಗೆ ಎದ್ದಿತು, ಓಣಿಯ ತುಂಬ ಪ್ಲಾಸ್ಟಿಕ್ಕಿನ ಕಮಟು. ಅವತ್ತಿನ ಮಂಡಕ್ಕಿಗೆ ಅದೇ ವಾಸನೆ ಹತ್ತಿ ಯಾರೂ ಮೂಸಿ ಸಹ ನೋಡಲಿಲ್ಲ. ದಾವಣಗೆರೆಯಲ್ಲಿ ಉಳಿದಿದ್ದ ಪ್ರತಿಗಳನ್ನು ಅಣ್ಣನೇ ಹಾಳು ಮಾಡಿದನೆಂದು ಆಮೇಲೆ ಕೇಳಿದೆ. ಪಡಸಾಲೆಗೆ ನ್ಯಾಯಕ್ಕೆ ಬರುವವರು ನಿಂತರು. ಅಪ್ಪ ಮಾತು ಕಡಿಮೆ ಮಾಡಿದ. ತಂಬ್ರಹಳ್ಳಿಯ ಸುದ್ದಿಯನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಜೂನ್ ತಿಂಗಳಲ್ಲಿ ನಾನು ಎಂಟನೇ ಇಯತ್ತೆಗೆ ಹೋದೆ. ಅಡುಗೆ ಮನೆಯ ಬಾಗಿಲು ಹಗಲು ಹೊತ್ತಿನಲ್ಲಿ ಇನ್ನೊಮ್ಮೆ ಮುಚ್ಚಿದ್ದು ನನಗೆ ನೆನಪಿಲ್ಲ.

ಗರಗಸದ ಹೆಸರು ಆಮೇಲೆ ರಾಜ್ಯದ ತುಂಬ ಆಯಿತು. ಆದರೆ ಆ ಮೆತ್ತನೆಯ ಹಾಡು ಮತ್ತೆ ಬರಲಿಲ್ಲ. ನಾನು ಬಿ.ಎಡ್. ಓದುವಾಗ ಒಮ್ಮೆ ದಾವಣಗೆರೆಯ ಮೈದಾನದಲ್ಲಿ ಅವರನ್ನು ಕೇಳಿದೆ. ನೆಲ ನಡುಗುತ್ತಿತ್ತು. ಹುಡುಗರು ಕಪ್ಪಂಗಿ ತೊಟ್ಟು ಕುಣಿಯುತ್ತಿದ್ದರು. ಅಣ್ಣ ಮೈಕಿಗೆ ಬಾಯಿಟ್ಟು ಕಿರುಚುತ್ತಿದ್ದರೂ ಒಂದಕ್ಷರ ತಿಳಿಯುತ್ತಿರಲಿಲ್ಲ. ಮುಗಿದ ಮೇಲೆ, ಹಾಡಿನ ಮಾತೇ ಕೇಳುವುದಿಲ್ಲವಲ್ಲೋ ಎಂದೆ.

"ಕೇಳಬಾರ್ದು ಅಂತ ಹಂಗ ಬಾರಸ್ತೀವಿ" ಎಂದ. ಅವನು ನಗುತ್ತಿರಲಿಲ್ಲ.

ಈಗ ಹಗರಿಬೊಮ್ಮನಹಳ್ಳಿಯಲ್ಲಿ ನಾನು ಗಣಿತ ಕಲಿಸುತ್ತೇನೆ. ಅವ್ವ ನನ್ನ ಜೊತೆ ಇದ್ದಾಳೆ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಹೋದ ವರ್ಷ ಹರಪನಹಳ್ಳಿಯ ಯಾರದೋ ಮನೆಯಲ್ಲಿ ಅಪ್ಪನ ಕೈಗೆ ಸಿಗದೆ ಉಳಿದಿದ್ದ ಒಂದು 'ಆರಂಕಣ' ಹೊರಬಂತು. ಅವರು ಅದನ್ನು ಇಂಟರ್‌ನೆಟ್ಟಿಗೆ ಹಾಕಿದರು. ಇಂಥಾ ಗದ್ದಲದ ಬ್ಯಾಂಡಿನ ಮೊದಲ ಆಲ್ಬಮ್ ಹೀಗಿತ್ತೇ ಎಂದು ಹುಡುಗರೆಲ್ಲ ಬೆರಗಾದರಂತೆ. ನಾಲ್ಕನೆಯ ಹಾಡು ಕೇಳಿ ಅತ್ತವರಿದ್ದರಂತೆ. ಒಂದು ಕಂಪನಿಯವರು ಅದನ್ನು ಮತ್ತೆ ತರುತ್ತೇವೆಂದು ಅಣ್ಣನ ಬೆನ್ನು ಹತ್ತಿದರು. ಒಂದು ಭಾನುವಾರ ಮಧ್ಯಾಹ್ನ ಅಣ್ಣ ನಮ್ಮ ಮನೆಗೆ ಬಂದ. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಉಂಡ ಮೇಲೆ ಅವ್ವನ ಮುಂದೆ ನೆಲಕ್ಕೆ ಕೂತ.

"ಅವ್ವಾ, ಈ ಸಲ ಕೇಳಾಕ ಬಂದೀನಿ. ನೀ ಬ್ಯಾಡ ಅಂದ್ರ ಬ್ಯಾಡ. ಬೇಕಂದ್ರ ಆ ಏಟು ತಗದು ಉಳಿದದ್ದು ಇಡ್ತೀನಿ. ಅಪ್ಪ ಎರಡೆರಡು ಸಲ ಹೊಡದದ್ದು ಲೋಕಕ್ಕೆಲ್ಲ ಯಾಕ..."

"ಎರಡು ಸಲ ಎಲ್ಲಿ ಹೊಡದಾರ?"

"ಕ್ಯಾಸೆಟ್ಟಿನಾಗ ಐತಲ್ಲವ್ವಾ. ಎರಡು ಏಟು."

ಅವ್ವ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಇಷ್ಟು ದಿನ ಇವರಿಗೆ ತಿಳಿದೇ ಇಲ್ಲವಲ್ಲ ಅನ್ನುವ ಹಾಗೆ.

"ಎರಡನೇದು ನಂದೋ."

ನನ್ನ ಕೈಯಲ್ಲಿದ್ದ ಎಲೆ ಅಡಿಕೆ ತಟ್ಟೆಯನ್ನು ಕೆಳಗಿಟ್ಟೆ. ಮೂವತ್ತು ವರ್ಷದ ಮೇಲಾಯಿತು, ಆ ಹಾಡನ್ನು ಕಟ್ಟಿದವನು ಅಣ್ಣ. ಆ ಎರಡು ಸದ್ದಿನ ನಡುವಿನ ಮೌನವನ್ನು ಎಷ್ಟು ಸಲ ಕೇಳಿದ್ದಾನೋ. ನಾನೂ ಅದನ್ನು ಮನಸ್ಸಿನಲ್ಲಿ ಕೇಳುತ್ತಲೇ ಬೆಳೆದವಳು. ಆ ಕ್ಯಾಸೆಟ್ಟು ನನ್ನ ಸಾಲೆ ಉಳಿಸಿತು ಎಂದು ನಂಬಿದ್ದೆ. ಅವ್ವ ಏನೂ ಆಗಿಲ್ಲವೆಂಬಂತೆ ಹೇಳುತ್ತ ಹೋದಳು.

"ರೊಟ್ಟಿ ಬಡಿಯಾಕತ್ತಿದ್ನೆಲ್ಲ, ಕೈ ತುಂಬ ಹಿಟ್ಟು. ಅವರು ಹೊಡದ್ರು. ಯಾವಾಗ್ಲೂ ಹೊಡದಂಗ. ನನಗ ಸುಮಿ ಕಣ್ಣ ಮುಂದ ಬಂದ್ಲು. ನನ್ನ ಕೈ ತಾನ ಎದ್ದಿತು. ಅವರ ಕೆನ್ನಿ ಮ್ಯಾಲ ಐದೂ ಬೆರಳು ಹಿಟ್ಟಿನಾಗ ಮೂಡಿದ್ವು. ಕೈ ತಾಗಿ ಲ್ವಾಟ ಬಿತ್ತು. ಇಬ್ರೂ ಹೆದರಿದ್ವಿ. ಅವರು ಹಿತ್ತಲಕ್ಕ ಹೋಗಿ ಮುಖ ತೊಳ್ಕಂಡ್ರು. ಅವತ್ತಿಂದ ಕೈ ಎತ್ತಲಿಲ್ಲ, ತಂಬ್ರಹಳ್ಳಿ ಮಾತೂ ಎತ್ತಲಿಲ್ಲ. ನೀ ಕ್ಯಾಸೆಟ್ಟು ತಂದದ್ದು ಅದೆಲ್ಲ ಮುಗದು ಎಷ್ಟೋ ದಿನಕ್ಕ."

"ಮತ್ತ ಅವತ್ತ ಯಾಕ ಹೇಳಲಿಲ್ಲ? ಎಲ್ಲಾರೂ ಅಪ್ಪಂದ ಅಂದ್ಕಂಡ್ರು!"

"ಅವರೇ ಬ್ಯಾಡ ಅಂದ್ರು. ಎಲ್ಲಾರೂ ಹೋದ ಮ್ಯಾಲ ನನ್ನ ಕರದು ಅಂದ್ರು, ಯಾರು ಕೇಳಿದ್ರೂ ಎರಡೂ ಗಂಡಂದ ಅನ್ನು ಅಂತ. ಹೆಂಡ್ತಿ ಕೈಲಿ ಹೊಡಿಸ್ಕಂಡೆ ಅನ್ನೋ ನಾಚಿಕಿಗೆ ಅಂದ್ರೋ, ಊರೋರು ನನ್ನ ಆಡ್ಕಂಬಾರ್ದು ಅಂತ ಅಂದ್ರೋ, ನನಗ ಇವತ್ತಿಗೂ ತಿಳದಿಲ್ಲ."

ಅಪ್ಪ ಸಾಯುವ ತನಕ ಊರ ಕಣ್ಣಲ್ಲಿ ಎರಡು ಸಲ ಹೊಡೆದವನಾಗೇ ಬದುಕಿದ. ಹೊಡೆದವನೇ ಹೌದು, ಅದಕ್ಕೂ ಮೊದಲು ಎಷ್ಟೋ ಸಲ ಹೊಡೆದವನು. ಅವನ ಬಗ್ಗೆ ಕನಿಕರ ಪಡಬೇಕೋ ಬೇಡವೋ ನನಗೆ ಆ ಮಧ್ಯಾಹ್ನ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಅಣ್ಣ ಮೆಲ್ಲಗೆ ಕೇಳಿದ.

"ಹಂಗಾರ ಏನು ಮಾಡ್ಲಿ ಹೇಳವ್ವಾ."

"ತಾ. ಏನೂ ತಗೀಬ್ಯಾಡ. ಆದ್ರ ಯಾವುದು ಯಾರದು ಅಂತ ಬರಿ. ನಂದು ಅವರ ತಲಿ ಮ್ಯಾಲ ಇದ್ದದ್ದು ಸಾಕು."

ಈ ವರ್ಷ 'ಆರಂಕಣ' ಮತ್ತೆ ಬಂತು. ಕವರಿನ ಹಿಂದೆ ನಾಲ್ಕು ಜನ ವಾದಕರ ಹೆಸರಿನ ಕೆಳಗೆ ಅಣ್ಣ ಬರೆಸಿದ್ದಾನೆ: ಪೂಜೆಯ ಗಂಟೆ, ಮೊದಲನೆಯ ಏಟು, ಚನ್ನಬಸಪ್ಪ. ರೊಟ್ಟಿ, ಬಳೆ, ಎರಡನೆಯ ಏಟು, ನೀಲಮ್ಮ. ಅವ್ವನಿಗೆ ಓದಿ ಹೇಳಿದೆ. ಸರಿ ಇದೆ ಎಂದಳು. ಪತ್ರಿಕೆಯಲ್ಲಿ ಅದು ಸುದ್ದಿಯಾಗಿ ನಾಲ್ಕು ದಿನಕ್ಕೆ ತಂಬ್ರಹಳ್ಳಿಯಿಂದ ಗಂಗತ್ತೆಯ ಫೋನು ಬಂತು. ಆ ಸಂಜೆಯ ನಂತರ ಅವಳು ನಮ್ಮ ಮನೆಯ ಹೊಸ್ತಿಲು ತುಳಿದದ್ದು ಎರಡೇ ಸಾವಿಗೆ, ಅಜ್ಜಿಯದಕ್ಕೆ ಮತ್ತು ಅಪ್ಪನದಕ್ಕೆ. ಅವ್ವನ ಜೊತೆ ಮಾತು ಬಿಟ್ಟಿದ್ದಳು. ಅವ್ವನಿಗೆ ಕಿವಿ ಮಂದವಾದ್ದರಿಂದ ನಾನು ಫೋನನ್ನು ಸ್ಪೀಕರಿಗೆ ಹಾಕಿ ಅವಳ ಮುಂದೆ ಹಿಡಿದೆ. ತನ್ನ ಅಣ್ಣನಾದ ನಮ್ಮ ಅಪ್ಪನಿಗೆ ಆದ ಅವಮಾನಕ್ಕೆ ಬಯ್ಯುತ್ತಾಳೆ ಎಂದು ಕಾದು ಕೂತೆ.

"ನೀಲಾ, ಮೊಮ್ಮಗ ಓದಿ ಹೇಳಿದ. ಖರೇನಲೇ?"

"ಖರೇ ಐತಿ ಗಂಗಾ."

ಗಂಗತ್ತೆಯ ಗಂಡ ಅವಳನ್ನು ಹೇಗೆ ಬಾಳಿಸಿದ ಅನ್ನುವುದು ನಮ್ಮ ಬಳಗಕ್ಕೆಲ್ಲ ಗೊತ್ತಿತ್ತು. ಅವನ ಏಟಿಗೇ ಅವಳ ಒಂದು ಕಿವಿ ಹೋಗಿತ್ತು. ಅದೇ ಮನೆಗೆ, ಅವಳ ಸೊಸೆಯಾಗಿ, ನಾನು ಹೋಗಬೇಕಾಗಿತ್ತು. ಫೋನು ಕಟ್ಟಾಯಿತೇನೋ ಎಂದು ನೋಡಿದೆ. ಆಗಿರಲಿಲ್ಲ.

"ನನಗ ಒಂದಿನಾನೂ ಹೊಳೀಲೇ ಇಲ್ಲ ನೋಡು ನೀಲಾ" ಅಂದಳು ಗಂಗತ್ತೆ. "ಹೊಡೀಬಹುದು ಅಂತ ನನಗ ಹೊಳೀಲೇ ಇಲ್ಲ."